ರುಜು ಒಂದೇ, ಒಪ್ಪಿಗೆ ಬೇರೆ ಬೇರೆ

ಶಿಡ್ಲಘಟ್ಟದ ಓದುಗರೊಬ್ಬರ ಪತ್ರ: ‘ಡೇರಿ ಬಟವಾಡೆಗೆಂದು ಹೆಂಡತಿ ಹೆಸರಲ್ಲಿ ಹೊಸ ಖಾತೆ ತೆರೆದೆವು. ಆಧಾರ್ ಇಲ್ಲದೆ ಆಗೋದೇ ಇಲ್ಲ ಎಂದರು. ಪೆನ್ಸಿಲ್ ಗುರುತು ಹಾಕಿದ್ದ ಕಡೆಯೆಲ್ಲ ರುಜು ಮಾಡಿದಳು. ಈಗ ಗೃಹಲಕ್ಷ್ಮಿ ಹಣ ಹಳೇ ಖಾತೆಗೆ ಬರುತ್ತಿಲ್ಲ, ಹೊಸದರಲ್ಲಿ 20 ರೂಪಾಯಿ ಕಡಿತವಾಗಿದೆ. ನಾವು ಒಪ್ಪಿದ್ದಾದರೂ ಯಾವುದಕ್ಕೆ?’

ಸಂಪಾದಕರ ಉತ್ತರ: ಮೊದಲು ಹೊಸ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಹಣ ಅಲ್ಲೇ ಬಿದ್ದಿರುವ ಸಾಧ್ಯತೆ ಹೆಚ್ಚು. ಆಧಾರ್ ಆಧಾರಿತ ಪಾವತಿ ಖಾತೆ ಸಂಖ್ಯೆ ಹುಡುಕಿಕೊಂಡು ಹೋಗುವುದಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಗೆ ಸೀಡಿಂಗ್ (ಆ ಪಟ್ಟಿಯಲ್ಲಿ ಆಧಾರ್ ಜೋಡಣೆ) ಮಾಡಿಸಿದ ಬ್ಯಾಂಕಿಗೆ ದುಡ್ಡು. ಗುರುತಿಗೆಂದು ಆಧಾರ್ ಕೊಡುವುದು ಬೇರೆ, ಸಬ್ಸಿಡಿಗೆ ಸೀಡಿಂಗ್ ಮಾಡಿಸುವುದು ಬೇರೆ. ಅರ್ಜಿಯಲ್ಲಿ ಎರಡೂ ಅಕ್ಕಪಕ್ಕದ ಚೌಕಗಳಾದ್ದರಿಂದ ಕೌಂಟರಿನಲ್ಲಿ ಎರಡಕ್ಕೂ ‘ಲಿಂಕ್’ ಅಂದುಬಿಡುತ್ತಾರೆ. ಮೈಆಧಾರ್ ತಾಣದಲ್ಲಿ ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ತೆರೆದರೆ ಈಗ ಯಾವ ಬ್ಯಾಂಕ್ ಎಂಬುದು ಕಾಣುತ್ತದೆ. ಹಳೆಯದೇ ಬೇಕಿದ್ದರೆ ಹಳೇ ಬ್ಯಾಂಕಿನಲ್ಲಿ ಮತ್ತೆ ಸೀಡಿಂಗ್ ಅರ್ಜಿ ಕೊಡಬೇಕು.

‘ಆಧಾರ್ ಇಲ್ಲದೆ ಆಗೋದಿಲ್ಲ’ ಎಂಬುದು ಅರ್ಧ ಸತ್ಯ. ಬ್ಯಾಂಕ್ ಖಾತೆಗೆ ಆಧಾರ್ ಕಡ್ಡಾಯ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದು ಮಾಡಿತು. ಹಾಲಿನ ದುಡ್ಡಿಗಷ್ಟೇ ಆದರೆ ವೋಟರ್ ಕಾರ್ಡ್ ಸಾಕು, ನರೇಗಾ ಜಾಬ್ ಕಾರ್ಡೂ ನಡೆಯುತ್ತದೆ. ಜೊತೆಗೆ ಪ್ಯಾನ್, ಅದಿಲ್ಲದಿದ್ದರೆ ಪ್ಯಾನ್ ಇಲ್ಲವೆಂದು ಘೋಷಿಸುವ ಫಾರಂ. ಸರ್ಕಾರದ ಸಬ್ಸಿಡಿ ಅದೇ ಖಾತೆಗೆ ಬರಬೇಕೆಂದರೆ ಮಾತ್ರ ಆಧಾರ್ ತಪ್ಪದು. ಹೆಬ್ಬೆಟ್ಟು, ಒಟಿಪಿ ಯಾವುದೂ ಇಲ್ಲದೆ ಬರೀ ಜೆರಾಕ್ಸ್ ಕೊಡುವಾಗ ಆಧಾರ್ ಸಂಖ್ಯೆಯನ್ನು ಮರೆಮಾಚಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಂಡರೆ ಮಸಿ ಬಳಿಯುವ ಕೆಲಸವೂ ಉಳಿಯುತ್ತದೆ.

ಆ 20 ರೂಪಾಯಿ ಬಹುತೇಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ವಾರ್ಷಿಕ ಕಂತು. 2 ಲಕ್ಷದ ಅಪಘಾತ ವಿಮೆಗೆ ಅದು ದುಬಾರಿಯೇನಲ್ಲ, ಆದರೆ ಕೇಳದೆ ಕತ್ತರಿಸುವಂತಿಲ್ಲ. ಬೇಡವಾದರೆ ‘ಆಟೋ ಡೆಬಿಟ್ ನಿಲ್ಲಿಸಿ’ ಎಂದು ಶಾಖೆಗೆ ಬರೆದುಕೊಡಿ. ನವೀಕರಣದ ಕಡಿತ ಮೇ ಕೊನೆಯಲ್ಲಾಗುವುದರಿಂದ ಅದಕ್ಕೆ ಮುಂಚೆಯೇ ಕೊಡಬೇಕು.

ಜೊತೆಗೇ ರುಜು ಮಾಡಿದ ಅರ್ಜಿಯ ನಕಲು ಕೇಳಿ, ಯಾವ ಚೌಕಕ್ಕೆ ಟಿಕ್ ಬಿದ್ದಿದೆ ನೋಡಿ. ಖಾಲಿ ಚೌಕಗಳಿಗೆ ಆಮೇಲೆ ಯಾರೋ ಟಿಕ್ ಹಾಕಿರುವುದೂ ಉಂಟು; ಬೇಡದ್ದರ ಮೇಲೆ ಅಡ್ಡಗೆರೆ ಎಳೆದೇ ರುಜು ಮಾಡಬೇಕು. ಶಾಖೆಗೆ ಬರೆದುಕೊಡುವ ದೂರಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ಮಾಹಿತಿಗೆ 14448.