ಯಾರು ಮುಂದೂಡಿದರು?

ವಿಶ್ವವಿದ್ಯಾಲಯದ ಅಧ್ಯಾಪಕರು ನನ್ನ ಬಳಿ ಬಂದಾಗ ಮೊದಲು ಹೇಳುವುದು ನಿದ್ರೆಯ ವಿಚಾರ, ಇಲ್ಲವೇ ಹೊಟ್ಟೆಯ ವಿಚಾರ. ಫೈಲಿನ ವಿಚಾರ ಹೊರಬರಲು ಎರಡು ಮೂರು ಭೇಟಿಗಳಾದರೂ ಬೇಕು. ಆಪ್ತಸಲಹೆಗಾರರ ಮುಂದೆ ರಜೆ ಅರ್ಜಿಯ ಕಥೆ ಬಿಚ್ಚುವುದು ಸಣ್ಣತನವೆಂದು ಅವರಿಗೆ ಅನ್ನಿಸುತ್ತದೆ. ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿವೆ. ಅವುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಒಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಇವರನ್ನು ಪ್ರೊಫೆಸರ್ ಎಂದಷ್ಟೇ ಕರೆಯುತ್ತೇನೆ. ಐವತ್ತರ ಆಸುಪಾಸಿನ ಮಹಿಳೆ. ವಿದೇಶದ ವಿಶ್ವವಿದ್ಯಾಲಯವೊಂದರ ಜೊತೆಗಿನ ಶೈಕ್ಷಣಿಕ ಒಡಂಬಡಿಕೆಯ ಕರಡನ್ನು ಎರಡು ವರ್ಷ ತಿದ್ದಿ ತಿದ್ದಿ ಸಿದ್ಧಪಡಿಸಿದವರು. ಅದರಡಿಯಲ್ಲಿ ಅಲ್ಲಿಗೆ ಹೋಗಲು ಒಂದು ವರ್ಷದ ಸಂಶೋಧನಾ ರಜೆ ಕೇಳಿದ್ದರು. ಅರ್ಜಿ ಮೂರು ಬಾರಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಗೆ ಹೋಗಿ ಮೂರು ಬಾರಿಯೂ ಹಾಗೆಯೇ ಹಿಂದಿರುಗಿತ್ತು. ಆಹ್ವಾನಿಸಿದ ವಿದೇಶಿ ಪ್ರಾಧ್ಯಾಪಕರ ಮೂರು ಇಮೇಲ್‌ಗಳಿಗೆ ಇವರು ಉತ್ತರಿಸಿರಲಿಲ್ಲ. ರಾಜೀನಾಮೆ ಪತ್ರ ಮೊಬೈಲಿನಲ್ಲಿ ಸಿದ್ಧವಿತ್ತು.

ನಾಲ್ಕನೆಯ ಭೇಟಿಯಲ್ಲಿ ಅವರು ಚೀಲದಿಂದ ಕೊನೆಯ ಸಭೆಯ ನಡಾವಳಿಯ ನೆರಳಚ್ಚು ಪ್ರತಿಯನ್ನು ತೆಗೆದರು. ಮಡಿಸಿ ಬಿಡಿಸಿ, ಮಡಿಕೆಯ ಗೆರೆಯಲ್ಲಿ ಕಾಗದ ಹರಿಯುತ್ತ ಬಂದಿತ್ತು. ಎಂಟು ಹಾಳೆಗಳಲ್ಲಿ ಒಂದು ಮಾತ್ರ ಹೀಗೆ ಜೀರ್ಣವಾಗಿತ್ತು. ಉಳಿದವು ಹೊಚ್ಚ ಹೊಸದರಂತಿದ್ದವು. ವಿಷಯ ಸಂಖ್ಯೆ 27ರ ಕೆಳಗೆ ಕೆಂಪು ಗೀಟು.

“ಯಾರು ಮುಂದೂಡಿದರು?” ಎಂದು ಕೇಳಿದೆ.

ಉಸಿರು ತೆಗೆದುಕೊಳ್ಳದೆ ನಾಲ್ಕು ಹೆಸರು ಹೇಳಿದರು. ಒಬ್ಬೊಬ್ಬರಿಗೂ ಒಂದೊಂದು ಹಳೆಯ ಕಾರಣ.

“ಇದರಲ್ಲಿ ಯಾರ ಹೆಸರಿದೆ, ಓದಿ.”

‘ವಿಷಯವನ್ನು ಮುಂದೂಡಲಾಯಿತು.’ ಅಷ್ಟೇ ಇತ್ತು. ಆಡಳಿತದ ಕನ್ನಡ ಇಂಥ ಕ್ರಿಯಾಪದಗಳನ್ನೇ ಸಾಕಿ ಬೆಳೆಸಿದೆ: ಪರಿಶೀಲಿಸಲಾಯಿತು, ಗಮನಿಸಲಾಯಿತು, ತೀರ್ಮಾನಿಸಲಾಯಿತು. ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ. ಕರ್ತೃವಿಲ್ಲದ ಆ ಖಾಲಿ ಜಾಗದಲ್ಲಿ ಪ್ರೊಫೆಸರ್ ರಾತ್ರಿ ಎರಡು ಗಂಟೆಗೆ ಎದ್ದು ಕುಳಿತು ಒಂದೊಂದೇ ಮುಖವನ್ನು ಕೂರಿಸಿ ನೋಡುತ್ತಿದ್ದರು.

“ಉಳಿದ ವಿಷಯಗಳನ್ನು ಓದಿದ್ದೀರಾ?”

“ಅವು ನನಗೆ ಸಂಬಂಧಿಸಿದ್ದಲ್ಲ, ಮೇಡಂ.”

“ಒಂದರಿಂದ ಓದಿ. ಗಟ್ಟಿಯಾಗಿ.”

ಅವರಿಗೆ ಸಿಟ್ಟು ಬಂತು. ಆದರೂ ಶಿಕ್ಷೆಗೆ ಒಳಗಾದ ವಿದ್ಯಾರ್ಥಿನಿಯಂತೆ ಓದಿದರು. ಪರೀಕ್ಷಾ ಶುಲ್ಕ, ಗ್ರಂಥಾಲಯದ ಚಾವಣಿಯ ದುರಸ್ತಿ, ನಿವೃತ್ತರೊಬ್ಬರ ಪಿಂಚಣಿ ಬಾಕಿ. ಹನ್ನೊಂದನೆಯ ವಿಷಯಕ್ಕೆ ಬಂದಾಗ ದನಿ ನಿಂತಿತು. ಅವರದೇ ವಿಭಾಗದ ಎರಡು ಖಾಲಿ ಹುದ್ದೆಗಳು. ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ಅಭ್ಯರ್ಥಿಯೊಬ್ಬರ ಅರ್ಹತೆಯ ಬಗ್ಗೆ ಆಕ್ಷೇಪಣೆ ಬಂದದ್ದರಿಂದ ಅದನ್ನೂ ಮುಂದೂಡಲಾಗಿತ್ತು.

ಸ್ವಲ್ಪ ಹೊತ್ತು ಕಾಗದವನ್ನೇ ನೋಡುತ್ತಿದ್ದರು. “ನಾನು ಹೋದರೆ ಪಾಠ ಮಾಡುವವರೇ ಇಲ್ಲ,” ಎಂದರು. ಮರುಕ್ಷಣವೇ, “ಹಾಗಿದ್ದರೆ ಅದನ್ನು ಹೇಳಬಹುದಿತ್ತಲ್ಲ!” ಎಂದು ಮೇಜಿನ ಮೇಲೆ ಕೈ ಬಡಿದರು. ನ್ಯಾಯವಾದ ಸಿಟ್ಟು. ಅಷ್ಟು ವಾರಗಳಲ್ಲಿ ಅವರು ಕೇಳಲು ಸಾಧ್ಯವಿರುವ ಪ್ರಶ್ನೆಯೊಂದನ್ನು ಕೇಳಿದ್ದು ಅದೇ ಮೊದಲು.

ಓದು ಮುಂದುವರಿಯಿತು. ವಿಷಯ ಸಂಖ್ಯೆ 31ರಲ್ಲಿ ಅವರು ದುಡಿದ ಒಡಂಬಡಿಕೆಗೆ ಅನುಮೋದನೆ ಸಿಕ್ಕಿತ್ತು. ಕೆಂಪು ಗೀಟಿನಿಂದ ನಾಲ್ಕೇ ವಿಷಯ ಕೆಳಗೆ. ಅಲ್ಲಿಯವರೆಗೆ ಅವರ ಕಣ್ಣು ಇಳಿದೇ ಇರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಕುಲಸಚಿವರಿಗೆ ಅರ್ಧ ಪುಟದ ಪತ್ರ: ನನ್ನ ರಜೆ ಮಂಜೂರಾಗಲು ಯಾವ ಷರತ್ತು ಪೂರೈಸಬೇಕಿದೆ? ಹಳೆಯ ಪುರಾಣ ಬೇಡ, ಯಾರ ಹೆಸರೂ ಬೇಡ. ಜೊತೆಗೆ ಪಾಠಗಳ ಬದಲಿ ವ್ಯವಸ್ಥೆಯ ಪ್ರಸ್ತಾವವನ್ನು ಇವರೇ ಬರೆದು ಲಗತ್ತಿಸಬೇಕು. ಪತ್ರಕ್ಕೆ ಆವಕ ವಿಭಾಗದ ಮೊಹರು ಹಾಕಿಸಿಕೊಳ್ಳಬೇಕು. ರಾಜೀನಾಮೆ ಪತ್ರ ಮೊಬೈಲಿನಲ್ಲಿಯೇ ಇರಲಿ, ಅಳಿಸಬೇಕಿಲ್ಲ, ಕಳಿಸಬೇಕಾಗಿಯೂ ಇಲ್ಲ. ವಿದೇಶದ ಆ ಪ್ರಾಧ್ಯಾಪಕರಿಗೆ ಮಾತ್ರ ಅಂದೇ ರಾತ್ರಿ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು. ಅವರಿಗೆ ಅತ್ಯಂತ ಕಷ್ಟವೆನಿಸಿದ್ದು ಈ ಕೊನೆಯದು. ಸಂಸ್ಥೆಯ ವಿಳಂಬವನ್ನು ತಮ್ಮ ಮನೆಯ ಮರ್ಯಾದೆಯ ಪ್ರಶ್ನೆಯಂತೆ ಅವರು ಮುಚ್ಚಿಟ್ಟುಕೊಂಡಿದ್ದರು.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, “ನೀವು ಮಾಡಿದ್ದು ಗುಮಾಸ್ತರ ಕೆಲಸ” ಎಂದರು. ಇನ್ನೊಬ್ಬರು ನಾನು ಆಡಳಿತದ ಪರ ವಹಿಸಿದೆನೆಂದರು. ಮೊದಲನೆಯದನ್ನು ಒಪ್ಪುತ್ತೇನೆ. ಫೈಲಿನಿಂದ ಬಂದ ನೋವಿಗೆ ಉಸಿರಾಟದ ವ್ಯಾಯಾಮವನ್ನಷ್ಟೇ ಹೇಳಿ ಕಳಿಸುವುದು ನನ್ನಿಂದಾಗದು. ತಾಳ್ಮೆಯಿಂದಿರಿ ಎನ್ನುವುದಂತೂ ಕೈ ತೊಳೆದುಕೊಳ್ಳುವ ಮಾತು. ಎರಡನೆಯದನ್ನು ಒಪ್ಪುವುದಿಲ್ಲ. ಆ ನಾಲ್ವರಲ್ಲಿ ಯಾರಿಗೂ ಅಸೂಯೆ ಇರಲಿಲ್ಲವೆಂದು ನಾನು ಹೇಳಲಿಲ್ಲ. ಅಸೂಯೆಗೆ ಪತ್ರ ಬರೆದು ಉತ್ತರ ಪಡೆಯಲಾಗುವುದಿಲ್ಲ, ಷರತ್ತಿಗೆ ಪಡೆಯಬಹುದು ಎಂದೆ.

ಇನ್ನೊಂದು ಮಾತು. “ಬೇಡಲೇಬಾರದಿತ್ತು” ಎಂದು ಅವರು ಪದೇ ಪದೇ ಅನ್ನುತ್ತಿದ್ದರು, ರಜೆ ಏನೋ ಭಿಕ್ಷೆ ಎಂಬಂತೆ. ಏಳನೆಯ ವರ್ಷ ಹೊಲವನ್ನು ಬೀಳು ಬಿಡುವ ಯಹೂದಿ ಸಂಪ್ರದಾಯದಿಂದ ಹೆಸರು ಪಡೆದ ಸಬಾಟಿಕಲ್ ರಜೆಯನ್ನು, ಅಂದರೆ ಅಧ್ಯಾಪಕರ ಇಂಥ ಸಂಶೋಧನಾ ರಜೆಯನ್ನು, ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿಯೇ ಆರಂಭಿಸಿತು. ಉನ್ನತ ಶಿಕ್ಷಣದ ಬೋಧಕರಿಗೆ ನಿಯತ ಅವಧಿಗೊಮ್ಮೆ ಪೂರ್ಣ ಅಥವಾ ಭಾಗಶಃ ವೇತನದ ಅಧ್ಯಯನ ರಜೆ ಸಿಗಬೇಕೆಂದು ಯುನೆಸ್ಕೋ 1997ರ ತನ್ನ ಶಿಫಾರಸಿನಲ್ಲಿ ಹೇಳಿದೆ. ಶಿಫಾರಸು ಕಾನೂನಲ್ಲ, ನಿಜ. ಆದರೆ ತಲೆ ತಗ್ಗಿಸಿ ಕೇಳಬೇಕಾದ ವಸ್ತು ಇದಲ್ಲ ಎಂದು ತಿಳಿಯಲು ಅಷ್ಟು ಸಾಕು.

ವಿದೇಶದಿಂದ ಮರುದಿನವೇ ಎರಡು ಸಾಲಿನ ಉತ್ತರ ಬಂತು: ಯಾವ ತಿಂಗಳು ಬಂದರೂ ಮೇಜು ಇರುತ್ತದೆ. ಕುಲಸಚಿವರ ಉತ್ತರಕ್ಕೆ ಐದು ವಾರ ಹಿಡಿಯಿತು. ಬದಲಿ ವ್ಯವಸ್ಥೆಗೆ ವಿಭಾಗದ ಒಪ್ಪಿಗೆ, ಹಿಂದಿರುಗಿ ಸೇವೆ ಸಲ್ಲಿಸುವುದಾಗಿ ಮುಚ್ಚಳಿಕೆ, ಇವೆರಡನ್ನು ಕೇಳಿದ್ದರು. ಕೊನೆಗೆ ಸಿಕ್ಕಿದ್ದು ಒಂದು ವರ್ಷವಲ್ಲ, ಆರು ತಿಂಗಳು. ನೇಮಕಾತಿಯ ವಿಷಯ ಇನ್ನೂ ಹಾಗೆಯೇ ಇದೆ.

ಹೊರಡುವ ಮುನ್ನ ಒಮ್ಮೆ ಬಂದಿದ್ದರು. ನಾಲ್ಕು ಹೆಸರುಗಳಲ್ಲಿ ಮೂರನ್ನು ಕೈಬಿಟ್ಟಿದ್ದಾರೆ. “ಆದರೆ ಅವರೊಬ್ಬರು ಮಾತ್ರ ಬೇಕೆಂದೇ ತಡೆದರು ಮೇಡಂ, ನನಗೆ ಗೊತ್ತು,” ಎಂದರು.

“ಇರಬಹುದು,” ಎಂದೆ.