ಜಠರದ ಗಿಸ್ಟ್ ಗಡ್ಡೆ ವಂಶದಿಂದ ಬರುವುದೇ?

ಪ್ರಶ್ನೆ: ಶಿರಸಿ ಸಮೀಪದ ತೋಟದ ಮನೆಯವಳು ನಾನು. 58 ವರ್ಷದ ಅಣ್ಣನ ಜಠರದಿಂದ ‘ಗಿಸ್ಟ್’ ಎಂಬ ಗಡ್ಡೆಯನ್ನು ತೆಗೆದಿದ್ದಾರೆ. ಕವಳದ (ಎಲೆ-ಅಡಿಕೆ) ಚಟದಿಂದ ಬಂತೆಂದು ನೆಂಟರು ಅನ್ನುತ್ತಾರೆ. ನಮಗೂ ಮಕ್ಕಳಿಗೂ ಬರಬಹುದೇ?

ಉತ್ತರ: ದಯವಿಟ್ಟು ಅಣ್ಣನನ್ನು ದೂರಬೇಡಿ. ಅಡಿಕೆ, ತಂಬಾಕು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ನಿಜ, ಆದ್ದರಿಂದ ಕವಳ ಬಿಡುವುದು ಒಳ್ಳೆಯದೇ. ಆದರೆ ಗಿಸ್ಟ್‌ಗೆ ಊಟವಾಗಲಿ ಚಟವಾಗಲಿ ಕಾರಣವೆಂದು ಸಾಬೀತಾಗಿಲ್ಲ. ಸಾಮಾನ್ಯ ಜಠರ ಕ್ಯಾನ್ಸರಿನಂತೆ ಇದು ಒಳಪೊರೆಯಲ್ಲಿ ಹುಟ್ಟದೆ, ಜೀರ್ಣನಾಳದ ಚಲನೆಯ ಲಯವನ್ನು ಕಾಯುವ, ಭಿತ್ತಿಯೊಳಗಿನ ಕಹಾಲ್ ಕೋಶಗಳಿಗೆ ಸಂಬಂಧಿಸಿ ಬೆಳೆಯುತ್ತದೆ. ಬಹುಪಾಲು ರೋಗಿಗಳಲ್ಲಿ ಕಿಟ್ ಅಥವಾ ಪಿಡಿಜಿಎಫ್‌ಆರ್‌ಎ ಎಂಬ ಜೀನ್ ಕೆಟ್ಟು, ಕೋಶಕ್ಕೆ ‘ಬೆಳೆ’ ಎಂಬ ಸೂಚನೆ ನಿಲ್ಲದೆ ಹೋಗುತ್ತಿರುತ್ತದೆ. ಕಿಟ್‌ನ ಈ ಪಾತ್ರ ತಿಳಿದದ್ದು 1998ರಲ್ಲಿ. ಈ ದೋಷ ಸಾಮಾನ್ಯವಾಗಿ ಗಡ್ಡೆಯ ಕೋಶಗಳಲ್ಲಿ ಮಾತ್ರ ಇರುವುದರಿಂದ ಮಕ್ಕಳಿಗೆ ದಾಟುವುದಿಲ್ಲ. 50 ದಾಟಿದವರಲ್ಲಿ ಇದು ಹೆಚ್ಚು.

ವಂಶದಿಂದ ಬರುವುದು ತೀರ ಅಪರೂಪ. ಹುಟ್ಟಿನಿಂದಲೇ ಕಿಟ್ ದೋಷವಿರುವ ಕುಟುಂಬಗಳಲ್ಲಿ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ. 50. ಮೈಮೇಲೆ ಹಲವು ಕಾಫಿ ಬಣ್ಣದ ಮಚ್ಚೆಗಳೂ ಮೆತ್ತನೆಯ ಗಂಟುಗಳೂ ಕಾಣುವ ನ್ಯೂರೋಫೈಬ್ರೊಮ್ಯಾಟೋಸಿಸ್ ಎಂಬ ಜೀನ್ ಕಾಯಿಲೆಯಲ್ಲಿ ಸಣ್ಣಕರುಳಿನಲ್ಲಿ ಅನೇಕ ಗಿಸ್ಟ್ ಗಡ್ಡೆಗಳು ಏಳಬಹುದು. ಎಸ್‌ಡಿಎಚ್ ಎಂಬ ಜೀನ್‌ಗಳ ದೋಷದಿಂದ ಬರುವ ಗಿಸ್ಟ್ ಮಾತ್ರ ಹೆಚ್ಚಾಗಿ ಎಳೆಯರನ್ನು ಕಾಡುತ್ತದೆ. ಅಣ್ಣನಿಗೆ ಒಂದೇ ಗಡ್ಡೆಯಿದ್ದು, ಮನೆಯಲ್ಲಿ ಬೇರಾರಿಗೂ ಇಂಥ ಲಕ್ಷಣವಿಲ್ಲದಿದ್ದರೆ ಮಕ್ಕಳಿಗೆ ಪರೀಕ್ಷೆ ಅಗತ್ಯವಾಗಲಾರದು. ಗಡ್ಡೆಯ ಜೀನ್ ಪರೀಕ್ಷೆಯ ವರದಿಯನ್ನು ಮಾತ್ರ ವೈದ್ಯರಲ್ಲಿ ತಪ್ಪದೆ ಕೇಳಿ, ಏಕೆಂದರೆ ಗಿಸ್ಟ್‌ಗೆ ಕೊಡುವ ಇಮ್ಯಾಟಿನಿಬ್ ಮಾತ್ರೆ ಕೆಲಸ ಮಾಡೀತೇ ಎಂಬುದೂ ಅದರಿಂದಲೇ ತಿಳಿಯುತ್ತದೆ.