ನಾಟಿ ಯಂತ್ರ ಸಸಿ ಬಿಡುವುದೇಕೆ, ಡ್ರಿಪ್ ಕಟ್ಟಿಕೊಳ್ಳುವುದೇಕೆ: ಕೃಷಿ ಎಂಜಿನಿಯರಿಂಗ್ ತಜ್ಞರ ಉತ್ತರ

ಪ್ರಶ್ನೆ: ಬಾಡಿಗೆಗೆ ತಂದ ನಾಲ್ಕು ಸಾಲಿನ ಭತ್ತದ ನಾಟಿ ಯಂತ್ರ ನಮ್ಮ ಎರೆ ಗದ್ದೆಯಲ್ಲಿ ಅಲ್ಲಲ್ಲಿ ಸಸಿ ಬಿಟ್ಟು ಹೋಗುತ್ತದೆ. ನೆಟ್ಟ ಸಸಿಯೂ ಕೆಲವೆಡೆ ತೇಲುತ್ತದೆ. ಯಂತ್ರ ಸರಿಯಾಗಿದೆ ಎನ್ನುತ್ತಾರೆ ಚಾಲಕರು. ದೋಷ ಎಲ್ಲಿದೆ? (ಗಂಗಾವತಿ ತಾಲ್ಲೂಕಿನ ಬೆಳೆಗಾರರು)

ಉತ್ತರ: ಮೊದಲು ಸಾಲುಗಳನ್ನು ನೋಡಿ. ಒಂದೇ ಸಾಲಿನಲ್ಲಿ ಉದ್ದಕ್ಕೂ ಸಸಿ ತಪ್ಪಿದ್ದರೆ ಆ ಸಾಲಿನ ಸಸಿ ಕೀಳುವ ಬೆರಳು ಸವೆದಿದೆ ಇಲ್ಲವೇ ಬಾಗಿದೆ. ಆಗ ಚಾಲಕರ ಮಾತು ನಂಬಬೇಡಿ. ನಾಲ್ಕೂ ಸಾಲುಗಳಲ್ಲಿ ಚದುರಿದಂತೆ ತಪ್ಪಿದ್ದರೆ ದೋಷ ಚಾಪೆ ಸಸಿಮಡಿಯದು, ಅಂದರೆ ಟ್ರೇಯಲ್ಲಿ ತೆಳು ಮಣ್ಣಿನ ಮೇಲೆ ಬೇರು ಹೆಣೆದುಕೊಂಡು ಚಾಪೆಯಂತೆ ಬೆಳೆಸಿದ ಸಸಿಯದು. ನಾಟಿ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಈ ಎರಡನೇ ಬಗೆಯವೇ.

ಯಂತ್ರ ಸಸಿಯನ್ನು ಎಣಿಸುವುದಿಲ್ಲ, ಚಾಪೆಯಿಂದ ಒಂದು ಚೂರು ಕತ್ತರಿಸಿ ನೆಡುತ್ತದೆ ಅಷ್ಟೆ. ಆ ಚೂರಿನಲ್ಲಿ ಸಸಿ ಇಲ್ಲದಿದ್ದರೆ ಗುಣಿ ಖಾಲಿ. ಆದ್ದರಿಂದ ಬೀಜ ಎಲ್ಲೆಡೆ ಸಮನಾಗಿ ಬೀಳುವುದೇ ಮುಖ್ಯ. ಬೀಜವನ್ನು 24 ಗಂಟೆ ನೆನೆಸಿ, 24 ಗಂಟೆ ಗೋಣಿಚೀಲದಲ್ಲಿ ಕಟ್ಟಿಡಿ. ಮೊಳಕೆ 1ರಿಂದ 2 ಮಿ.ಮೀ. ದಾಟಬಾರದು, ಉದ್ದವಾದರೆ ಒಂದಕ್ಕೊಂದು ಸಿಕ್ಕಿಕೊಂಡು ಗುಂಪಾಗಿ ಬೀಳುತ್ತದೆ, ಮುರಿಯುತ್ತದೆ ಕೂಡ. 58×28 ಸೆಂ.ಮೀ. ಟ್ರೇ ಒಂದಕ್ಕೆ ಒಣ ಬೀಜದ ಲೆಕ್ಕದಲ್ಲಿ 100ರಿಂದ 120 ಗ್ರಾಂ ಸಾಕು.

ಮಣ್ಣನ್ನು ಜರಡಿ ಹಿಡಿಯಲೇಬೇಕು. ಒಂದು ಸಣ್ಣ ಹರಳು ಸಿಕ್ಕರೂ ಬೆರಳು ಬಾಗುತ್ತದೆ. ಬರೀ ಎರೆಮಣ್ಣು ಬೇಡ: ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ, ಚಾಪೆ ಹರಿಯುತ್ತದೆ. ಕೆಂಪು ಮಣ್ಣು ಸಿಕ್ಕರೆ ಒಳ್ಳೆಯದು. ಇಲ್ಲವಾದರೆ ಎರೆಮಣ್ಣಿಗೆ ಚೆನ್ನಾಗಿ ಕಳಿತು ಪುಡಿಯಾದ ಗೊಬ್ಬರ ಬೆರೆಸಿ. ಮಣ್ಣಿನ ದಪ್ಪ 2ರಿಂದ 2.5 ಸೆಂ.ಮೀ. ಇರಲಿ. ಟ್ರೇ ಇಲ್ಲದೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬೆಳೆಸುವವರು ಹಾಳೆಗೆ ನೀರು ಬಸಿಯುವಷ್ಟು ಸಣ್ಣ ತೂತುಗಳನ್ನು ಮಾತ್ರ ಮಾಡಿ. ತೂತು ದೊಡ್ಡದಾದರೆ ಬೇರು ನೆಲಕ್ಕಿಳಿದು, ಎತ್ತುವಾಗ ಚಾಪೆ ತುಂಡಾಗುತ್ತದೆ.

ಸಸಿಯ ವಯಸ್ಸು 15ರಿಂದ 20 ದಿನ, ಎತ್ತರ 12ರಿಂದ 15 ಸೆಂ.ಮೀ. ಸರಿ. ತುಂಗಭದ್ರಾ ಕಾಲುವೆಗೆ ನೀರು ಬರುವುದು ತಡವಾದರೆ ಸಸಿ ಬಲಿತು, ಬೇರು ಗಂಟಾಗಿ, ಬೆರಳು ಹರಿದುಕೊಳ್ಳಲಾಗದೆ ಎಳೆದಾಡುತ್ತದೆ. ಎಲ್ಲಾ ಬೀಜವನ್ನೂ ಒಂದೇ ದಿನ ಚೆಲ್ಲದೆ, ವಾರದ ಅಂತರದಲ್ಲಿ ಎರಡು ಕಂತು ಮಾಡುವುದೇ ಇದಕ್ಕೆ ದಾರಿ. ನಾಟಿಯ ಹಿಂದಿನ ದಿನ ಸಸಿಮಡಿಯ ನೀರು ಬಸಿಯಿರಿ. ಹೆಬ್ಬೆರಳಿನಿಂದ ಒತ್ತಿದಾಗ ಚಾಪೆಯಲ್ಲಿ ತೇವ ತಾಗಬೇಕು, ನೀರು ಸೋರಬಾರದು. ಒಣ ಚಾಪೆ ಯಂತ್ರದ ಇಳಿಜಾರಿನಲ್ಲಿ ಜಾರದೆ ನಿಲ್ಲುತ್ತದೆ. ನೀರು ಕುಡಿದ ಚಾಪೆ ಕೆಳಗೆ ಕುಸಿದು ಗುಡ್ಡೆಯಾಗುತ್ತದೆ.

ಇನ್ನು ತೇಲುವ ವಿಷಯ. ಕೆಸರು ಮಾಡಿದ ದಿನವೇ ಎರೆ ಗದ್ದೆಗೆ ಯಂತ್ರ ಇಳಿಸಬೇಡಿ. ಮಣ್ಣು ಕೆಳಗೆ ಕೂರಲು 2ರಿಂದ 3 ದಿನ ಬೇಕು. ಕೆಸರಿನಲ್ಲಿ ಕೋಲಿನಿಂದ ಗೆರೆ ಎಳೆದು ನೋಡಿ. ತಕ್ಷಣ ಮುಚ್ಚಿಕೊಂಡರೆ ಇನ್ನೂ ಸಡಿಲ: ಯಂತ್ರವನ್ನು ಕೆಸರಿನ ಮೇಲೆ ತೇಲಿಸುವ ಹಲಗೆ (ಫ್ಲೋಟ್) ಹೂತು, ತಳ್ಳಿದ ಕೆಸರು ಪಕ್ಕದ ಸಾಲನ್ನು ಮುಚ್ಚುತ್ತದೆ. ಗೆರೆ ಹಾಗೇ ನಿಂತರೆ ಗಟ್ಟಿಯಾಗಿದೆ: ಬೆರಳು ಮಾಡಿದ ಗುಳಿ ಮುಚ್ಚದೆ ಸಸಿ ಎದ್ದು ತೇಲುತ್ತದೆ. ನಿಧಾನವಾಗಿ ಮುಚ್ಚಿಕೊಂಡರೆ ನೆಡಿ. ನಿಂತ ನೀರು 1ರಿಂದ 2 ಸೆಂ.ಮೀ. ಮೀರದಿರಲಿ.

ಹೊಲದಲ್ಲೇ ಪರೀಕ್ಷೆ ಮಾಡಿ: 18 ಸೆಂ.ಮೀ. ಅಂತರಕ್ಕೆ 10 ಮೀಟರ್ ಸಾಲಿನಲ್ಲಿ ಸುಮಾರು 55 ಗುಣಿ ಇರಬೇಕು. ಎರಡು–ಮೂರು ತಪ್ಪಿದ್ದರೆ ಆಳು ಹಚ್ಚಿ ತುಂಬಿಸುವ ಖರ್ಚು ಬೇಡ, ಅಕ್ಕಪಕ್ಕದ ಗುಣಿಗಳು ತೆಂಡೆ (ಬುಡದ ಮರಿ) ಒಡೆದು ಸರಿದೂಗಿಸುತ್ತವೆ.

ಪ್ರಶ್ನೆ: ಬೋರ್‌ವೆಲ್ ನೀರಿಗೆ ದಾಳಿಂಬೆಯ ಡ್ರಿಪ್ ಪದೇ ಪದೇ ಕಟ್ಟುತ್ತದೆ. ಆಸಿಡ್ ಎಷ್ಟು ಬಿಡಬೇಕು? (ವಿಜಯಪುರ ಜಿಲ್ಲೆ)

ಉತ್ತರ: ಎಕರೆಗೆ ಇಷ್ಟು ಎಂದು ಹೇಳುವವರ ಮಾತು ಕೇಳಬೇಡಿ, ಅದು ನಿಮ್ಮ ನೀರಿನ ಮೇಲೆ ನಿಂತಿದೆ. ಕಟ್ಟಿರುವುದು ಬಿಳಿ ಪದರವಾಗಿದ್ದು, ಅದರ ಮೇಲೆ ಆಸಿಡ್ ಹನಿ ಬಿದ್ದಾಗ ನೊರೆ ಬಂದರೆ ಅದು ಸುಣ್ಣದ ಅಂಶ; ಹೈಡ್ರೋಕ್ಲೋರಿಕ್ ಆಸಿಡ್ ಕೆಲಸ ಮಾಡುತ್ತದೆ. ಲೋಳೆಯಾಗಿದ್ದರೆ ಪಾಚಿ ಅಥವಾ ಬ್ಯಾಕ್ಟೀರಿಯಾ, ಅದಕ್ಕೆ ಕ್ಲೋರಿನ್ ಉಪಚಾರ ಬೇರೆ. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಿಷಾನಿಲ ಹೊರಡುತ್ತದೆ.

ಪ್ಲಾಸ್ಟಿಕ್ ಬಕೆಟ್‌ನಲ್ಲಿ 10 ಲೀಟರ್ ಬೋರ್ ನೀರು ತೆಗೆದುಕೊಂಡು, ನೀರಿನ ಹುಳಿ ಅಳೆಯುವ ಪಿಎಚ್ ಕಾಗದ 4 ತೋರಿಸುವವರೆಗೆ ಆಸಿಡ್ಡನ್ನು ಮಿ.ಲೀ. ಲೆಕ್ಕದಲ್ಲಿ ಸೇರಿಸಿ. 8 ಮಿ.ಲೀ. ಹಿಡಿಯಿತು ಎನ್ನಿ, ಲೀಟರಿಗೆ 0.8 ಆಯಿತು. ಗಂಟೆಗೆ 5,000 ಲೀಟರ್ ಹರಿಯುವ ಘಟಕಕ್ಕೆ ಅರ್ಧ ಗಂಟೆ ಬಿಡಲು 2 ಲೀಟರ್ ಬೇಕು. ಯಾವಾಗಲೂ ನೀರಿಗೆ ಆಸಿಡ್ ಸುರಿಯಿರಿ, ಆಸಿಡ್‌ಗೆ ನೀರಲ್ಲ. ಪೈಪಿಗೆ ದ್ರವವನ್ನು ಹೀರಿಕೊಡುವ ವೆಂಚುರಿಯಿಂದ ಬಿಡಿ, ಕಬ್ಬಿಣದ ಗೊಬ್ಬರದ ಟ್ಯಾಂಕ್ ಬೇಡ. ಕೊನೆಯ ಲ್ಯಾಟರಲ್‌ನ (ಡ್ರಿಪ್ಪರ್ ಇರುವ ಸಣ್ಣ ಪೈಪ್) ತುದಿಯಲ್ಲಿ ಕಾಗದ 4 ತೋರಿಸಿದ ಮೇಲೆ ಪಂಪ್ ನಿಲ್ಲಿಸಿ 24 ಗಂಟೆ ಹಾಗೇ ಬಿಡಿ. ಬಳಿಕ ಲ್ಯಾಟರಲ್‌ಗಳಿಗೆ ನೀರು ಹಂಚುವ ಸಬ್‌ಮೇನ್ ಪೈಪ್ ತೊಳೆದು, ಆಮೇಲೆ ಲ್ಯಾಟರಲ್ ತುದಿಗಳನ್ನು ಬಿಚ್ಚಿ ತೊಳೆಯಿರಿ. ಗಂಟೆಗೆ 4 ಲೀಟರಿನ ಡ್ರಿಪ್ಪರ್ ನಿಮಿಷಕ್ಕೆ ಸುಮಾರು 67 ಮಿ.ಲೀ. ಕೊಡಬೇಕು. ಮೊದಲ, ನಡುವಿನ, ಕೊನೆಯ ಸಾಲುಗಳಲ್ಲಿ ಲೋಟ ಇಟ್ಟು ಅಳೆಯಿರಿ.

ಪ್ರಶ್ನೆ: ನಾನೇ ಮಾರ್ಪಾಡು ಮಾಡಿದ ಕೂರಿಗೆಯನ್ನು (ಬಿತ್ತುವ ಸಾಧನ) ಕೃಷಿ ವಿಶ್ವವಿದ್ಯಾಲಯದವರಿಗೆ ತೋರಿಸುವುದು ಹೇಗೆ? ಸಬ್ಸಿಡಿ ಸಿಗುತ್ತದೆಯೇ? (ಕಲಬುರಗಿ ಜಿಲ್ಲೆ)

ಉತ್ತರ: ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಿಂದ ಶುರು ಮಾಡಿ. ನಿಮ್ಮದು ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿ; ಅಲ್ಲಿಯೇ ಕೃಷಿ ಎಂಜಿನಿಯರಿಂಗ್ ಕಾಲೇಜೂ ಇದೆ. ಕೃಷಿ ಮೇಳದ ಜಂಗುಳಿಯಲ್ಲಿ ತೋರಿಸಿದರೆ ಚಪ್ಪಾಳೆ ಸಿಗಬಹುದು, ತಪಾಸಣೆ ಸಿಗದು. ಬಿತ್ತನೆಗೆ ಒಂದೂವರೆ–ಎರಡು ತಿಂಗಳು ಮೊದಲೇ ಹೋಗಿ. ಸಾಲಿನ ಅಂತರ, ಬಿತ್ತುವ ಆಳ, ಎಕರೆಗೆ ಬೀಳುವ ಬೀಜದ ತೂಕ, ಬೇಕಾಗುವ ಟ್ರ್ಯಾಕ್ಟರ್ ಅಶ್ವಶಕ್ತಿ, ಹಳೆಯ ಕೂರಿಗೆಯಲ್ಲಿ ಇವೇ ಅಂಕಿಗಳು ಎಷ್ಟಿದ್ದವು ಎಂಬುದನ್ನು ಬರೆದುಕೊಂಡಿರಿ. ಹೋಲಿಕೆಗೆ ಅಂಕಿ ಇಲ್ಲದಿದ್ದರೆ ಮಾತು ಮುಂದಕ್ಕೆ ಹೋಗುವುದಿಲ್ಲ.

ಸಬ್ಸಿಡಿ ಬೇರೆಯೇ ದಾರಿ. ಅದಕ್ಕೆ ಅಧಿಕೃತ ಪರೀಕ್ಷಾ ಕೇಂದ್ರದ ವರದಿ ಬೇಕು. ಮಧ್ಯಪ್ರದೇಶದ ಬುದ್ನಿಯಲ್ಲಿರುವುದು ಅಂಥ ಒಂದು ಕೇಂದ್ರ. ಒಂದೇ ಕೂರಿಗೆ ಮಾಡಿಕೊಂಡವರಿಗೆ ಆ ಓಡಾಟ ಗಿಟ್ಟುವುದಿಲ್ಲ. ತಯಾರಿಸಿ ಮಾರುವ ಯೋಚನೆ ಇದ್ದರೆ ಮಾತ್ರ ಪರೀಕ್ಷೆಗೆ ಹೋಗಿ.